ದಿನಕ್ಕೆ ನಾಲ್ಕು ನಿಮಿಷ ಮುಂಚೆ

"ಹಳಿ ಮೇಲೆ ಯಾರ್ರೀ ಅದು? ಏಳ್ರೀ ಅಲ್ಲಿಂದ!"

ನನ್ನ ದನಿ ಧ್ವನಿವರ್ಧಕದಿಂದ ಹೊರಟು ಬಯಲನ್ನೆಲ್ಲ ಸುತ್ತಿ, ದೂರದರ್ಶಕದ ದೊಡ್ಡ ತಟ್ಟೆಗೆ ತಾಗಿ, ತಿರುಗಿ ನನಗೇ ಬಂದು ಕೇಳಿಸಿತು. ಹಳಿಯ ಮೇಲೆ ಮಂಡಿಯೂರಿ ಕೂತಿದ್ದ ಮನುಷ್ಯ ಏಳಲಿಲ್ಲ. ಮುಖವನ್ನೂ ಎತ್ತಲಿಲ್ಲ. ಎಡಗೈಯಲ್ಲಿದ್ದ ಕೆಂಪು ಬಾವುಟವನ್ನು ಮಾತ್ರ ಮೇಲಕ್ಕೆ ಹಿಡಿದ.

ರೇಡಿಯೊ ದೂರದರ್ಶಕ ಅಂದರೆ ಕಣ್ಣಿಟ್ಟು ನೋಡುವ ಕೊಳವೆಯಲ್ಲ. ಒಂದು ಆಟದ ಮೈದಾನವನ್ನು ಬಟ್ಟಲಿನ ಹಾಗೆ ಬಗ್ಗಿಸಿ ಆಕಾಶಕ್ಕೆ ಒಡ್ಡಿದಂತಿರುತ್ತದೆ. ಅದು ನೋಡುವುದಿಲ್ಲ, ಕೇಳುತ್ತದೆ. ನಮ್ಮದು ದುಂಡನೆಯ ಹಳಿಯ ಮೇಲೆ ಉಕ್ಕಿನ ಗಾಲಿಗಳಲ್ಲಿ ತಿರುಗುತ್ತದೆ. ತಿರುಗುವ ಮುಂಚೆ ಯಾರಾದರೂ ಹಳಿಯ ಉದ್ದಕ್ಕೂ ನಡೆದು, ಕಲ್ಲು ಕಡ್ಡಿ ಬಿದ್ದಿದೆಯಾ ಎಂದು ನೋಡಬೇಕು. ಅಲ್ಲಿ ಮೊಬೈಲ್ ಇಲ್ಲ, ವಾಕಿಟಾಕಿ ಇಲ್ಲ. ಒಂದು ಮೊಬೈಲಿನ ಪಿಸುಮಾತು ಕೂಡ ಆ ತಟ್ಟೆಗೆ ಸಿಡಿಲು. ಹಾಗಾಗಿ ನಿಯಂತ್ರಣ ಕೊಠಡಿಯಲ್ಲಿ ಕೂತವರು ತಂತಿಯ ಧ್ವನಿವರ್ಧಕದಲ್ಲಿ "ಹಳಿ ಖಾಲಿಯೇ?" ಎಂದು ಕೇಳಬೇಕು. ಹಳಿಯವರು ಬಾವುಟದಲ್ಲಿ ಉತ್ತರ ಕೊಡಬೇಕು. ಹಸಿರು ಎಂದರೆ ಹೊರಡಿ. ಕೆಂಪು ಎಂದರೆ ನಿಲ್ಲಿ.

ಮಾತೆಲ್ಲ ನನ್ನ ಕಡೆಗೆ. ಅವರ ಕಡೆಗೆ ಎರಡು ತುಂಡು ಬಟ್ಟೆ.

"ಆಕಾಶ ಯಾರಿಗೂ ಕಾಯಲ್ಲ ಕಣ್ರೀ! ನನ್ನ ನಕ್ಷತ್ರ ಮೇಲೆ ಬಂದಾಯ್ತು!"

ಕೆಂಪು ಬಾವುಟ ಅಲುಗಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಆತ ಎದ್ದ. ಅಂಗೈಯಲ್ಲಿ ಏನನ್ನೋ ಬೊಗಸೆ ಮಾಡಿ ಹಿಡಿದು ಹುಲ್ಲಿನ ತನಕ ನಡೆದು, ಕುಕ್ಕರಗಾಲಲ್ಲಿ ಕೂತು, ಅದನ್ನು ಕೆಳಗೆ ಬಿಟ್ಟ. ವಾಪಸು ಬಂದು ನನ್ನ ಕಿಟಕಿಯ ಕಡೆ ತಿರುಗಿ, ಹೆಬ್ಬೆರಳು ತೋರುಬೆರಳ ನಡುವೆ ಚಿಕ್ಕದೊಂದು ಅಳತೆ ತೋರಿಸಿದ. ಇಷ್ಟೇ ಇತ್ತು, ಪಾಪ, ಎನ್ನುವ ಹಾಗೆ. ಆಮೇಲೆ ಹಸಿರು ಬಾವುಟ ಎತ್ತಿದ.

ಅದೊಂದು ಬಸವನಹುಳು.

"ಒಂದು ಬಸವನಹುಳುವಿಗೆ ಆಕಾಶ ನಿಲ್ಲಿಸಿದ್ರಾ!" ಎಂಬ ನನ್ನ ಬೈಗುಳ ಕ್ಯಾಂಟೀನಿನ ತನಕ ಕೇಳಿಸಿತ್ತಂತೆ. ಮರುದಿನದಿಂದ ಆ ಹೊಸ ಮೆಕ್ಯಾನಿಕಲ್ ಎಂಜಿನಿಯರ್‌ಗೆ ಬಸವನಹುಳು ಎಂದೇ ಹೆಸರಾಯಿತು. ಆತ ಬೇಜಾರು ಮಾಡಿಕೊಂಡಂತೆ ಕಾಣಲಿಲ್ಲ. ಹೆಸರಿಟ್ಟವಳು ನಾನೇ ಎಂದು ಎಲ್ಲರೂ ನಗುತ್ತಿದ್ದರು. ನನಗೆ ನಗು ಬರಲಿಲ್ಲ. ಆಗ ಯಾವುದಕ್ಕೂ ಬರುತ್ತಿರಲಿಲ್ಲ.

*

ನನ್ನ ಗಂಡ ಹೋಗಿ ಎರಡು ವರ್ಷವಾಗಿತ್ತು. ಒಂದು ಜ್ವರ ಬಂತು, ಹೋಗಲಿಲ್ಲ. ಅದಕ್ಕಿಂತ ಹೆಚ್ಚು ಹೇಳುವುದಕ್ಕೆ ಏನೂ ಇಲ್ಲ.

ಅವನ ಜೇಬಿನಲ್ಲಿ ಸದಾ ಮನೆಯ ಕೀ ಇರುತ್ತಿತ್ತು. ಆದರೂ ಮೂರು ಸಲ ಬಾಗಿಲು ಬಡಿದು, ನಾನು ಹೋಗಿ ತೆಗೆಯುವ ತನಕ ಹೊರಗೆ ನಿಂತಿರುತ್ತಿದ್ದ. "ಕೀ ಇಲ್ವಾ?" ಎಂದರೆ "ಇದೆ" ಎನ್ನುತ್ತಿದ್ದ. "ಮತ್ತೆ?" ಎಂದರೆ "ನೀನೂ ಇದ್ದೀಯಲ್ಲ" ಎನ್ನುತ್ತಿದ್ದ.

ಅತ್ತೆ ನನ್ನ ಜೊತೆಗೇ ಇದ್ದಾರೆ. ನನಗೆ ಈ ಕೆಲಸ ಸಿಕ್ಕಾಗ, "ನಿನ್ನೊಬ್ಬಳನ್ನೇ ಆ ಬಯಲಿಗೆ ಕಳಿಸಿ ನಾನಿಲ್ಲಿ ಗೋಡೆ ನೋಡ್ಲಾ?" ಎಂದು ಪೆಟ್ಟಿಗೆ ಕಟ್ಟಿಕೊಂಡು ಹೊರಟವರು. ಕ್ವಾರ್ಟರ್ಸಿನ ಎರಡು ಕೋಣೆಯಲ್ಲಿ ಅವರಿಗೆ ಒಂದೇ ಕೊರತೆ. ದೂರದರ್ಶಕದ ಸುತ್ತಮುತ್ತ ಯಾರೂ ಮೈಕ್ರೋವೇವ್ ಇಡುವಂತಿಲ್ಲ.

"ಕೋಟಿ ಕೋಟಿ ವರ್ಷದ ಹಿಂದಿನದೆಲ್ಲ ಕೇಳಿಸುತ್ತಂತೆ ಇವರಿಗೆ," ಎಂದು ಅಕ್ಕಪಕ್ಕದವರಿಗೆ ಹೇಳುತ್ತಿದ್ದರು. "ನಾನು ನಿನ್ನೆಯ ಅನ್ನ ಬಿಸಿ ಮಾಡ್ಕೊಳ್ಳೋ ಹಾಗಿಲ್ಲ."

ನಾನು ನಗುವ ಹಾಗೆ ಮುಖ ಮಾಡುತ್ತಿದ್ದೆ. ಅತ್ತೆಗೆ ಅದು ಗೊತ್ತಾಗುತ್ತಿತ್ತು.

*

ನಕ್ಷತ್ರದ ಕೆಲಸ ಎಂದರೆ ರಾತ್ರಿಯ ಕೆಲಸ ಎಂದುಕೊಳ್ಳುತ್ತಾರೆ. ನಮ್ಮದು ಹಾಗಲ್ಲ. ಬಿಸಿಲಿದ್ದರೂ ಮೋಡವಿದ್ದರೂ ರೇಡಿಯೊ ಅಲೆಗಳು ಬರುತ್ತಲೇ ಇರುತ್ತವೆ. ನನ್ನ ಪಾಲಿಗೆ ಬಂದಿದ್ದದ್ದು ಆಕಾಶದ ಒಂದು ಸಣ್ಣ ಚೂರು. ಬರಿಗಣ್ಣಿಗೆ ಅಲ್ಲಿ ಏನೂ ಇಲ್ಲ. ಅದು ತಟ್ಟೆಯ ಮೇಲೆ ಹಾದುಹೋಗುವ ಒಂದಿಷ್ಟು ಹೊತ್ತು ಮಾತ್ರ ನಾನು ಕೇಳಿಸಿಕೊಳ್ಳಬೇಕು, ದಿನಾ.

ಆ ಹೊತ್ತು ದಿನಕ್ಕೆ ನಾಲ್ಕು ನಿಮಿಷ ಮುಂಚೆ ಬರುತ್ತದೆ. ಭೂಮಿ ತನ್ನ ದಾರಿಯಲ್ಲಿ ಒಂದಿಷ್ಟು ಮುಂದೆ ಸರಿದಿರುತ್ತದಲ್ಲ, ಹಾಗಾಗಿ ನಕ್ಷತ್ರಗಳು ನಮ್ಮ ಕೈಗಡಿಯಾರಕ್ಕೆ ಬಗ್ಗುವುದಿಲ್ಲ. ಇವತ್ತು ಸಂಜೆ ಬಂದದ್ದು ಕೆಲವು ವಾರದಲ್ಲಿ ಮಧ್ಯಾಹ್ನಕ್ಕೆ ಬರುತ್ತದೆ, ಆಮೇಲೆ ಬೆಳಿಗ್ಗೆಗೆ. ಅದಕ್ಕೆಂದೇ ನಮ್ಮ ಕಚೇರಿಯ ಪಡಸಾಲೆಯಲ್ಲಿ ಎರಡು ಗಡಿಯಾರಗಳಿವೆ. ಒಂದು ಮನುಷ್ಯರದು, ಇನ್ನೊಂದು ಆಕಾಶದ್ದು. ಆಕಾಶದ್ದು ಸ್ವಲ್ಪ ಬೇಗ ಓಡುತ್ತದೆ.

ಇದರಿಂದ ನಮಗೊಂದು ಉಪಕಾರ. ಮನುಷ್ಯರ ಗದ್ದಲ ಮನುಷ್ಯರ ಗಡಿಯಾರ ನೋಡಿಕೊಂಡು ಬರುತ್ತದೆ. ದಿನಾ ಅದೇ ಹೊತ್ತಿಗೆ ಬಂದರೆ ಅದು ಯಾವುದೋ ಯಂತ್ರ, ಯಾವುದೋ ಲಾರಿ. ದಿನಾ ನಾಲ್ಕು ನಿಮಿಷ ಮುಂಚೆ ಬಂದರೆ ಮಾತ್ರ ಅದು ಮೇಲಿನದು.

ಬಸವನಹುಳುವಿನ ಪ್ರಸಂಗ ಆಗಿ ಹೆಚ್ಚು ದಿನ ಆಗಿರಲಿಲ್ಲ. ನನ್ನ ಪರದೆಯ ಮೇಲೆ ಮೂರು ಗೆರೆ ಕಾಣಿಸಿಕೊಂಡವು. ಕೂದಲೆಳೆಯಷ್ಟು ತೆಳು. ಒಂದು, ಒಂದು, ಇನ್ನೊಂದು. ಆಮೇಲೆ ಏನೂ ಇಲ್ಲ.

ಮರುದಿನ ಮತ್ತೆ ಬಂದವು. ನಾಲ್ಕು ನಿಮಿಷ ಮುಂಚೆ.

*

ನಮ್ಮ ಡೈರೆಕ್ಟರರನ್ನು ಎಲ್ಲರೂ ಮೌನಿ ಎಂದು ಕರೆಯುತ್ತಾರೆ. ಒಂದು ಗಳಿಗೆಯೂ ಬಾಯಿ ಮುಚ್ಚದವರು ಅವರು. ಗೆರೆಗಳನ್ನು ತೋರಿಸಿದಾಗ ಮಾತ್ರ ಸುಮ್ಮನಾದರು. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ಎಷ್ಟು ದಿನದಿಂದ ಬರ್ತಿದೆಯಮ್ಮ ಇದು?"

"ತಿಂಗಳಿಗೆ ಮೇಲಾಯ್ತು ಸರ್."

"ಆಕಾಶದ ಟೈಮಿಗೆ?"

"ಆಕಾಶದ ಟೈಮಿಗೇ."

"ದೂರದಿಂದ ಬಂದದ್ದಾದರೆ ಕಡಿಮೆ ಫ್ರೀಕ್ವೆನ್ಸಿಯ ಅಲೆ ಹೆಚ್ಚಿನದಕ್ಕಿಂತ ಒಂಚೂರು ತಡವಾಗಿ ಬರಬೇಕಲ್ಲ?"

"ಬಂದ ಹಾಗೂ ಇದೆ, ಬರದ ಹಾಗೂ ಇದೆ ಸರ್. ತೀರಾ ಸಣ್ಣದು."

"ಇನ್ನೊಂದಿಷ್ಟು ದಿನ ಕೇಳು. ಯಾರಿಗೂ ಬಾಯಿ ಬಿಡಬೇಡ." ಹಾಗೆಂದವರು ಸಂಜೆಯೊಳಗೆ ಎಲ್ಲರಿಗೂ ಹೇಳಿದ್ದರು.

ನಾನು ಮಾತ್ರ ಒಂದನ್ನು ಯಾರಿಗೂ ಹೇಳಿರಲಿಲ್ಲ. ವಿಶ್ವವಿದ್ಯಾಲಯದಲ್ಲಿ ಆರೇಳು ವರ್ಷ ಓದಿದವಳು ಹೇಳುವ ಮಾತಲ್ಲ ಅದು. ಆ ಮೂರು ಗೆರೆಗಳ ನಡುವಿನ ತೆರಪು ನನಗೆ ಗೊತ್ತಿತ್ತು. ಮೊದಲಿನೆರಡು ಹತ್ತಿರ, ಮೂರನೆಯದು ತುಸು ತಡೆದು. ಕೀ ಜೇಬಿನಲ್ಲಿಟ್ಟುಕೊಂಡು ಬಾಗಿಲು ಬಡಿಯುವವರು ಹಾಗೇ ಬಡಿಯುತ್ತಾರೆ.

ನಾನು ನಂಬಲಿಲ್ಲ. ಆದರೆ ದಿನಾ ಆ ಹೊತ್ತಿಗೆ ತಲೆ ಬಾಚಿಕೊಂಡು ಕೂರುತ್ತಿದ್ದೆ.

*

ಆ ದಿನಗಳಲ್ಲಿ ನನಗೆ ಇನ್ನೇನು ನೆನಪಿದೆ ಎಂದು ಹುಡುಕಿದರೆ, ಟೀ ನೆನಪಾಗುತ್ತದೆ.

ನಿಯಂತ್ರಣ ಕೊಠಡಿಯ ಗೋಡೆಗೆ ತಾಮ್ರದ ಜಾಲರಿ ಹೊದಿಸಿದೆ. ನಮ್ಮ ಕಂಪ್ಯೂಟರುಗಳ ಗದ್ದಲ ತಟ್ಟೆಗೆ ಕೇಳಿಸಬಾರದು ನೋಡಿ. ಬಾಗಿಲು ಉಕ್ಕಿನದು, ಒಳ್ಳೇ ಭಾರ. ತಟ್ಟೆ ತಿರುಗಿ ನಿಂತ ಮೇಲೆ ನಾನೊಮ್ಮೆ ಹೊರಗೆ ಬಂದು, ಅದು ಸರಿಯಾದ ದಿಕ್ಕಿಗೆ ಮುಖ ಮಾಡಿದೆಯಾ ಎಂದು ಕಣ್ಣಾರೆ ನೋಡಬೇಕು. ಬಾಗಿಲ ಪಕ್ಕದ ಸಿಮೆಂಟ್ ಕಟ್ಟೆಯ ಮೇಲೆ ಒಂದು ಲೋಟ ಇರುತ್ತಿತ್ತು, ಮೇಲೊಂದು ಮುಚ್ಚಳ. ತೆಗೆದರೆ ಹಬೆ.

ಕ್ಯಾಂಟೀನ್ ಬೆಟ್ಟದ ಆಚೆ ಇದೆ. ಅಲ್ಲಿಂದ ಬರುವ ಟೀ ಮೇಲೆ ಕೆನೆಗಟ್ಟಿ, ನೀರಿನಷ್ಟು ತಣ್ಣಗಿರುತ್ತಿತ್ತು. ನಾನು ಹಾಗೇ ಬಿಟ್ಟುಬಿಡುತ್ತಿದ್ದೆ. ಈಗ ಬಿಸಿ ಬರುತ್ತಿದೆ, ಕ್ಯಾಂಟೀನಿನವರು ಸುಧಾರಿಸಿದ್ದಾರೆ ಎಂದುಕೊಂಡೆ. ಅಲ್ಲ, ಅಷ್ಟನ್ನೂ ಅಂದುಕೊಳ್ಳಲಿಲ್ಲ. ಕುಡಿದೆ, ಅಷ್ಟೇ.

ಕಿಟಕಿಯ ಆಚೆ ಬಸವನಹುಳು ಹಳಿಯ ಮೇಲೆ ನಡೆಯುತ್ತಿರುತ್ತಿದ್ದ. ನಿಧಾನವಾಗಿ, ಕೈ ಹಿಂದೆ ಕಟ್ಟಿಕೊಂಡು, ಯಾರದೋ ಮದುವೆ ಮನೆಯಲ್ಲಿ ಬೇಗ ಬಂದುಬಿಟ್ಟವರ ಹಾಗೆ. "ಹಳಿ ಖಾಲಿಯೇ?" ಎಂದರೆ ನಿಂತು, ಕಿಟಕಿಯ ಕಡೆ ತಿರುಗಿ, ಹಸಿರು ಬಾವುಟ ಎತ್ತುತ್ತಿದ್ದ. ಎತ್ತಿದ ಮೇಲೆ ಕೂಡಲೇ ಇಳಿಸುತ್ತಿರಲಿಲ್ಲ. ಒಂದು ಉಸಿರಿನಷ್ಟು ಹೆಚ್ಚು ಹೊತ್ತು ಹಿಡಿದಿರುತ್ತಿದ್ದ.

ಒಂದು ದಿನ ಅಭ್ಯಾಸ ತಪ್ಪಿ ನನ್ನ ಬಾಯಲ್ಲಿ "ಥ್ಯಾಂಕ್ಸ್" ಎಂದು ಬಂತು. ಧ್ವನಿವರ್ಧಕದಲ್ಲಿ ಬಯಲಿಗೆಲ್ಲ ಕೇಳಿಸಿತು. ಆತ ಸುತ್ತಮುತ್ತ ನೋಡಿ, ನನಗಾ ಎನ್ನುವ ಹಾಗೆ ಎದೆ ಮುಟ್ಟಿಕೊಂಡು, ಬಾವುಟ ಕಂಕುಳಲ್ಲಿಟ್ಟು ನಾಟಕದ ರಾಜನ ಮುಂದೆ ಬಗ್ಗುವ ಹಾಗೆ ಬಗ್ಗಿದ.

ನನ್ನ ತುಟಿಯ ಕೊನೆ ತಾನಾಗಿ ಅಲುಗಿತು. ಗಾಜಿನಲ್ಲಿ ಅದನ್ನು ನಾನೇ ನೋಡಿ ಬೆಚ್ಚಿದೆ.

"ಮುಖಕ್ಕೆ ಸ್ವಲ್ಪ ಬಣ್ಣ ಬಂದಿದೆ ಕಣೇ," ಎಂದರು ಅತ್ತೆ ಆ ಸಂಜೆ. "ಬಿಸಿಲಿಗೆ ಹೋಗಿದ್ಯಾ?"

"ಇಲ್ಲ."

"ಹ್ಞೂಂ," ಎಂದರು. ಅತ್ತೆಯ ಹ್ಞೂಂಗೆ ಹತ್ತು ಅರ್ಥ.

*

ಆಕಾಶದ ಗಡಿಯಾರ ಓಡುತ್ತ ನನ್ನ ಹೊತ್ತು ಸಂಜೆಯಿಂದ ಮಧ್ಯಾಹ್ನಕ್ಕೆ ಬಂತು, ಮಧ್ಯಾಹ್ನದಿಂದ ಬೆಳಗಿನ ಬಿಸಿಲಿಗೆ ಬಂತು. ಗೆರೆಗಳೂ ಜೊತೆಗೇ ಬಂದವು.

"ಸಮುದ್ರದ ಆಚೆಯವರಿಗೆ ಫೋನ್ ಮಾಡಬೇಕು," ಎಂದರು ಮೌನಿ ಸರ್. "ಅವರ ದೂರದರ್ಶಕವೂ ಅದೇ ಚೂರನ್ನ ಕೇಳಲಿ. ಅವರಿಗೂ ಕೇಳಿಸಿದರೆ ನಿನ್ನ ಹೆಸರು ಎಲ್ಲೋ ಹೋಗುತ್ತಮ್ಮ. ಅದಕ್ಕೆ ಮುಂಚೆ ತಟ್ಟೆ ಬೇರೆ ಕಡೆ ತಿರುಗಿಸಿ ನೋಡಿದೀಯಾ ತಾನೇ?"

ಇದು ನಮ್ಮಲ್ಲಿ ಮೊದಲ ವಾರ ಹೇಳಿಕೊಡುವ ಪಾಠ. ಸದ್ದು ನಿಜವಾಗಿ ಆ ಚೂರಿನಿಂದಲೇ ಬರುತ್ತಿದ್ದರೆ, ತಟ್ಟೆ ಬೇರೆ ಕಡೆ ತಿರುಗಿದಾಗ ನಿಲ್ಲಬೇಕು. ಆಗಲೂ ಬಂದರೆ ಅದು ನೆಲದ್ದು.

"ಇನ್ನೂ ಇಲ್ಲ ಸರ್."

ಅವರು ನನ್ನನ್ನೇ ನೋಡಿದರು. "ಯಾಕಮ್ಮ?"

ನಾನು ಗೆರೆಗಳ ಕಾಗದ ಮಡಿಸಿಕೊಂಡೆ.

"ನಾಳೆ ನೋಡಿಬಿಡು," ಎಂದರು ಮೆಲ್ಲಗೆ. ಅವರು ಮೆಲ್ಲಗೆ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಆ ರಾತ್ರಿ ಊಟ ಸೇರಲಿಲ್ಲ. ಹೆಸರಿನ ಆಸೆ ನನಗಿರಲಿಲ್ಲ. ಬಾಗಿಲ ಆಚೆ ಯಾರೂ ಇಲ್ಲ ಎಂದು ತಿಳಿಯುವುದಕ್ಕೆ ನನಗೆ ಇಷ್ಟವಿರಲಿಲ್ಲ. ಒಂದು ಸಲ ತಿಳಿದಿತ್ತು. ಎರಡನೇ ಸಲ ಯಾಕೆ?

*

"ಹಳಿ ಖಾಲಿಯೇ?"

ಹಸಿರು.

ತಟ್ಟೆಯನ್ನು ನನ್ನ ಚೂರಿನ ಕಡೆಗಲ್ಲ, ಅದಕ್ಕೆ ಬೆನ್ನು ಮಾಡಿ ತಿರುಗಿಸಿದೆ. ಅಷ್ಟು ದೊಡ್ಡದು ತಿರುಗುವಾಗ ಸದ್ದೇ ಇರುವುದಿಲ್ಲ. ನೆರಳು ಮಾತ್ರ ಹುಲ್ಲಿನ ಮೇಲೆ ಜಾರುತ್ತದೆ. ನಿಂತಿತು. ಪರದೆಯ ಮುಂದೆ ಕೂತೆ. ಬರಬೇಡಿ ಎಂದೆ. ಬನ್ನಿ ಎಂದೂ ಅಂದೆ.

ಒಂದು. ಒಂದು.

ತುಸು ತಡೆದು, ಇನ್ನೊಂದು.

ಅಳು ಬರಲಿಲ್ಲ. ಕೊಠಡಿಯ ಗಾಳಿ ಸಾಲದಾಯಿತು. ತಟ್ಟೆಯ ದಿಕ್ಕು ನೋಡುವ ನೆಪಕ್ಕೂ ಕಾಯದೆ, ಎರಡೂ ಕೈಯಲ್ಲಿ ಉಕ್ಕಿನ ಬಾಗಿಲು ದಬ್ಬಿ ಹೊರಗೆ ಬಂದೆ. ದಿನಾ ಬರುವುದಕ್ಕಿಂತ ಬೇಗ ಬಂದಿದ್ದೆ. ಕಟ್ಟೆಯ ಮೇಲೆ ಲೋಟ ಇನ್ನೂ ಇರಲಿಲ್ಲ.

ಹಳಿಯ ಪಕ್ಕದಲ್ಲಿ ಒಂದು ತಗಡಿನ ಶೆಡ್. ಗ್ರೀಸ್ ಡಬ್ಬ, ಸ್ಪ್ಯಾನರು ಇಡುವ ಜಾಗ. ಬಾಗಿಲು ತೆರೆದಿತ್ತು. ಗಾಳಿ ಆ ಕಡೆಯಿಂದ ಬೀಸುತ್ತಿತ್ತು.

"ಥೂ, ಆರಿಹೋಯ್ತಲ್ಲ ನಿನ್ನ," ಎಂದು ಒಳಗೆ ಯಾರೋ ಗೊಣಗಿದರು. ಆಮೇಲೆ ನನ್ನ ಈ ಕಿವಿಗಳಿಗೇ ಕೇಳಿಸಿತು.

ಟಕ್, ಟಕ್.

ಟಕ್.

*

ಬಸವನಹುಳು ಒಂದು ಪುಟ್ಟ ಗ್ಯಾಸ್ ಒಲೆಯ ಮುಂದೆ ಕೂತಿದ್ದ. ಒಲೆಯ ಮೇಲೆ ಟೀ ಪಾತ್ರೆ. ಕೈಯಲ್ಲಿ ಎಲ್ಲರ ಅಡುಗೆಮನೆಯಲ್ಲೂ ಇರುವ ಗ್ಯಾಸ್ ಲೈಟರ್. ನನ್ನನ್ನು ಕಂಡು ಎದ್ದ ರಭಸಕ್ಕೆ ಗ್ರೀಸ್ ಡಬ್ಬ ಉರುಳಿತು.

"ಅಯ್ಯೋ, ಮೇಡಂ! ನೀವು ಇಷ್ಟು ಬೇಗ ಬರೋದಿಲ್ವಲ್ಲ!"

"ಅದೇನು ಕೈಯಲ್ಲಿ?"

"ಲೈಟರ್. ಕಳ್ಳತನದ್ದಲ್ಲ, ನಂದೇ."

"ಇನ್ನೊಂದು ಸಲ ಒತ್ತಿ."

"ಹತ್ತಿಬಿಟ್ಟಿದೆಯಲ್ಲ."

"ಒತ್ತಿ ಅಂದ್ನಲ್ಲ!"

ಒತ್ತಿದ. ಲೈಟರಿನ ತುದಿಯಲ್ಲಿ ನೀಲಿ ಕಿಡಿ ಹಾರಿತು. ಕಿಡಿ ಎಂದರೆ ರೇಡಿಯೊ ಅಲೆ. ನೂರು ವರ್ಷದ ಹಿಂದೆ ಹಡಗುಗಳು ಇಂಥ ಕಿಡಿಗಳಿಂದಲೇ ಒಂದಕ್ಕೊಂದು ಸುದ್ದಿ ಕಳಿಸುತ್ತಿದ್ದವು. ಆಕಾಶದ ಆಚೆ ಕೊನೆಯನ್ನು ಕೇಳುವ ಕಿವಿಯ ಬುಡದಲ್ಲಿ ಕೂತು ಈ ಮನುಷ್ಯ ದಿನಾ ಮೂರು ಕಿಡಿ ಹಾರಿಸಿದ್ದ.

"ಬ್ಯಾಟರಿ ಇಲ್ಲ, ವೈರ್ ಇಲ್ಲ," ಎಂದ. ಅವನ ಮುಖ ಮೆಲ್ಲಗೆ ಬಿಳಚಿಕೊಂಡಿತು. ಅವನೂ ಎಂಜಿನಿಯರ್, ಬಿಡಿಸಿ ಹೇಳಬೇಕಾಗಿರಲಿಲ್ಲ. "ಮೇಡಂ, ನಿಮ್ಮ ಮೂರು ಗೆರೆ… ಅದು… ನಾನಾ?"

"ಯಾವಾಗಲೂ ಮೂರೇ ಯಾಕೆ?"

"ಹಳೇದು ಇದು. ಮೂರನೇ ಸಲಕ್ಕೇ ಹತ್ತೋದು. ಎರಡು ಸಲ ಒತ್ತಿ, ಸ್ವಲ್ಪ ಗ್ಯಾಸ್ ಬಿಟ್ಟು, ಆಮೇಲೆ ಒತ್ತಬೇಕು."

ಪಾತ್ರೆಯಲ್ಲಿ ಟೀ ಉಕ್ಕಿತು. ಇಬ್ಬರೂ ಒಟ್ಟಿಗೆ ಕೈ ಹಾಕಿದೆವು. ಅವನು ಒಲೆ ಆರಿಸಿದ.

"ದಿನಾ ನಾಲ್ಕು ನಿಮಿಷ ಮುಂಚೆ ಬರ್ತಿದ್ರಲ್ಲ ನೀವು," ಎಂದೆ. "ಅದು ಯಾಕೆ?"

"ನೀವು ಬರ್ತಿದ್ರಲ್ಲ."

ತಗಡಿನ ಮೇಲೆ ಯಾವುದೋ ಹಕ್ಕಿ ಓಡಾಡುತ್ತಿತ್ತು. ಅದರ ಉಗುರಿನ ಸದ್ದೂ ಕೇಳಿಸುತ್ತಿತ್ತು.

"ನೀವು ಕ್ಯಾಂಟೀನ್ ಟೀ ಕುಡಿಯದೆ ಬಿಡೋದನ್ನ ನೋಡ್ದೆ," ಎಂದ. "ತಟ್ಟೆ ತಿರುಗಿ ನಿಂತ ಕೂಡಲೇ ಒಲೆ ಹಚ್ಚಿದ್ರೆ, ನೀವು ಹೊರಗೆ ಬರೋ ಹೊತ್ತಿಗೆ ಸರಿಯಾಗಿ ಬಿಸಿ ಇರುತ್ತೆ. ಮೊದಮೊದಲು ನನ್ನ ವಾಚ್ ನೋಡ್ಕೊಂಡು ಬರ್ತಿದ್ದೆ, ತಡ ಆಗ್ತಿತ್ತು. ಆಮೇಲೆ ಪಡಸಾಲೆಯ ಆಕಾಶದ ಗಡಿಯಾರ ನೋಡೋದು ಕಲಿತೆ. ಈಗ ನನ್ನ ಊಟ ತಿಂಡಿ ಎಲ್ಲ ಅದೇ ಟೈಮಿಗೇ. ಮನೇಲಿ ಅಕ್ಕ ಫೋನಲ್ಲಿ ಬೈತಾಳೆ, ಏನೋ ನಿಂದು, ಒಂದು ತಿಂಗಳು ಸಂಜೆ ಸ್ನಾನ, ಒಂದು ತಿಂಗಳು ಮಧ್ಯಾಹ್ನ ಸ್ನಾನ ಅಂತ."

"ಯಾಕೆ ಇದೆಲ್ಲ?"

ಅವನು ಲೈಟರನ್ನು ಕೈಯಲ್ಲಿ ಹೊರಳಿಸಿದ.

"ನೀವು ದಿನಾ ಒಂದೇ ಮಾತು ಹೇಳ್ತೀರಿ. ಹಳಿ ಖಾಲಿಯೇ ಅಂತ. ಆದ್ರೆ ಒಂದೊಂದು ದಿನ ಒಂದೊಂದು ಥರ ಹೇಳ್ತೀರಿ. ಕೆಲವು ದಿನ ದನಿ ಎಲ್ಲೋ ಬಾವಿಯೊಳಗಿಂದ ಬರುತ್ತೆ. ಆ ದಿನ ಒಂದು ಚಮಚ ಸಕ್ಕರೆ ಜಾಸ್ತಿ ಹಾಕ್ತಿದ್ದೆ." ಆಮೇಲೆ ನೆಲ ನೋಡುತ್ತ ಹೇಳಿದ. "ಉತ್ತರ ಹೇಳೋಕೆ ನನ್ನ ಹತ್ರ ಬಾವುಟ ಮಾತ್ರ ಇತ್ತು."

ಹೌದು, ಕೆಲವು ದಿನ ಸಿಹಿ ಹೆಚ್ಚಿರುತ್ತಿತ್ತು. ನಾಲಿಗೆಗೆ ಗೊತ್ತಾಗಿತ್ತು. ನನಗೆ ಈಗ ಗೊತ್ತಾಯಿತು.

ಗ್ರೀಸ್ ಡಬ್ಬದ ಪಕ್ಕ ಮಂಡಿ ಹಾಕಿ ಕೂತು ನಾನು ಅವನಿಗೆ ಎಲ್ಲ ಹೇಳಿದೆ. ಜೇಬಿನ ಕೀ, ಮೂರು ಬಡಿತ, ನಾನು ತಲೆ ಬಾಚಿಕೊಂಡು ಕೂರುತ್ತಿದ್ದದ್ದು. ಯಾರಿಗೂ ಹೇಳದ್ದನ್ನು ಮೂರು ತಿಂಗಳು ಬಾವುಟ ಮಾತ್ರ ಎತ್ತಿದವನಿಗೆ ಹೇಳುವುದು ಸುಲಭವಾಗಿತ್ತು.

ಅವನು ಉರುಳಿದ್ದ ಗ್ರೀಸ್ ಡಬ್ಬವನ್ನು ಎತ್ತಿ ನಿಲ್ಲಿಸಿದ. ಆಮೇಲೆ ಲೈಟರನ್ನು ನನ್ನ ಮುಂದೆ ನೆಲದ ಮೇಲಿಟ್ಟ.

"ಅದು ಈ ಲೈಟರ್ ಅಂತ ಯಾರಿಗೂ ಗೊತ್ತಿಲ್ಲ ಇನ್ನೂ," ಎಂದ. "ಆಚೆಯವರಿಗೆ ಹೇಳದೆ, ಪೇಪರಲ್ಲಿ ಹಾಕದೆ, ನಿಮಗೋಸ್ಕರ ಮಾತ್ರ… ನಿಮಗೆ ಅದು ಬೇಕು ಅಂದ್ರೆ ನಾನು ದಿನಾ ಒತ್ತುತೀನಿ."

ಅವನು ತಮಾಷೆಗೆ ಹೇಳಲಿಲ್ಲ. ಬೇರೆಯವನೊಬ್ಬನ ಬಡಿತವನ್ನು ದಿನಾ ಬಡಿಯುತ್ತ ಆಚೆ ಕಡೆ ನಿಂತಿರಲು ಅವನು ತಯಾರಿದ್ದ.

"ಬೇಡ," ಎಂದೆ. "ಅದು ಅವನದು."

ನನ್ನ ಕಣ್ಣಿಂದ ನೀರು ಬಂದದ್ದು ಆಗ. ಎರಡು ವರ್ಷದಲ್ಲಿ ಮೊದಲ ಸಲ. ಅವನು ತಡಬಡಾಯಿಸಿ ಒರೆಸಿಕೊಳ್ಳಲು ಏನಾದರೂ ಸಿಗುತ್ತದಾ ಎಂದು ಶೆಡ್ಡೆಲ್ಲ ಹುಡುಕಿ, ಗ್ರೀಸ್ ಇಲ್ಲದ್ದು ಏನೂ ಸಿಗದೆ, ಕೊನೆಗೆ ಹಸಿರು ಬಾವುಟ ಕೊಟ್ಟ.

*

ಮೌನಿ ಸರ್ ಎಲ್ಲ ಕೇಳಿ ಕುರ್ಚಿಗೆ ಒರಗಿದರು. ಫೋನನ್ನು ಪಕ್ಕಕ್ಕೆ ಸರಿಸಿದರು.

"ಆಕಾಶದ ಟೈಮಿಗೆ ನಡೆಯುವ ಮನುಷ್ಯನನ್ನ ನಾನು ನೋಡೇ ಇರಲಿಲ್ಲಮ್ಮ," ಎಂದರು. "ನಾನೇ ನಡೀತಿಲ್ಲ. ನನ್ನ ಹೆಂಡತಿ ಊಟಕ್ಕೆ ಕರೆಯೋ ಟೈಮಿಗೆ ನಡೀತೀನಿ." ಆಮೇಲೆ ಡೈರೆಕ್ಟರ್ ಆದರು. ತಟ್ಟೆಯ ಬುಡದಲ್ಲಿ ಒಲೆ ಹಚ್ಚಿದವನನ್ನು ಹಳಿಯ ಕೆಲಸದಿಂದ ತೆಗೆದು ಬೆಟ್ಟದ ಆಚೆಯ ವರ್ಕ್‌ಶಾಪಿಗೆ ಕಳಿಸಿದರು. ಮತ್ತೆ ಹೇಳುವ ತನಕ ಈ ಕಡೆ ಬರುವಂತಿಲ್ಲ.

ಹಳಿಗೆ ಬೇರೊಬ್ಬರು ಬಂದರು. ಚುರುಕಿನ ಮನುಷ್ಯ. ನಾನು ಕೇಳಿ ಮುಗಿಸುವ ಮುಂಚೆ ಹಸಿರು ಎತ್ತಿ, ಎತ್ತುವ ಮುಂಚೆ ಇಳಿಸಿರುತ್ತಿದ್ದರು.

ಪರದೆ ಶುಭ್ರವಾಗಿತ್ತು. ಕಟ್ಟೆಯ ಮೇಲೆ ಕೆನೆಗಟ್ಟಿದ ಟೀ.

ನಾನು ಬಡಿತಕ್ಕಾಗಿ ಕಾಯುತ್ತಿದ್ದೇನೆ ಎಂದುಕೊಂಡಿದ್ದೆ. ಹಾಗಿರಲಿಲ್ಲ. ಹೊರಗೆ ಬಂದಾಗಲೆಲ್ಲ ನನ್ನ ಕಣ್ಣು ಶೆಡ್ಡಿನ ಕಡೆ ಹೋಗುತ್ತಿತ್ತು. ಇದು ಅತ್ತೆಗೆ ಗೊತ್ತಾದರೆ ಅವರಿಗೆ ಏನನ್ನಿಸುತ್ತದೆ ಎಂಬುದೊಂದೇ ನನ್ನನ್ನು ಕೊರೆಯುತ್ತಿತ್ತು. ಅವರಿಗೆ ಇದ್ದವನು ಒಬ್ಬನೇ ಮಗ.

ಒಂದು ಸಂಜೆ ಅಡುಗೆಮನೆಯಲ್ಲಿ ಒಲೆಯ ಲೈಟರ್ ಕೈಗೆತ್ತಿಕೊಂಡವಳು ಒತ್ತದೆ ನಿಂತುಬಿಟ್ಟೆ.

"ಹೇಳು," ಎಂದರು ಅತ್ತೆ, ಬೆನ್ನ ಹಿಂದಿನಿಂದ. "ಎಷ್ಟು ದಿನ ಅಂತ ನುಂಗ್ಕೊಂಡಿರ್ತೀಯ?"

ಹೇಳಿದೆ. ಮೂರು ಗೆರೆ, ಟೀ, ಬಾವುಟ, ಎಲ್ಲ. ಅವರು ತರಕಾರಿ ಹೆಚ್ಚುವುದನ್ನು ನಿಲ್ಲಿಸಲಿಲ್ಲ. ಬಡಿತದ ಮಾತು ಬಂದಾಗ ಮಾತ್ರ ಚಾಕು ನಿಂತಿತು.

"ಆ ಮೂರು ಸಲ ಬಡಿಯೋದನ್ನ ಅವನಿಗೆ ಕಲಿಸಿದ್ದು ನಾನು," ಎಂದರು. "ಚಿಕ್ಕವನಿದ್ದಾಗ ನಾನು ಬಟ್ಟೆ ಬದಲಾಯಿಸ್ತಿದ್ರೂ ದಬಾರ್ ಅಂತ ನುಗ್ಗೋನು. ಕಿವಿ ಹಿಂಡಿ ಹೇಳ್ದೆ, ಮೂರು ಸಲ ಬಡಿ, ನಾನು ಬಾ ಅಂದ್ಮೇಲೆ ಬಾ ಅಂತ. ಅಷ್ಟು ದೊಡ್ಡೋನಾದ್ರೂ ಬಿಡಲಿಲ್ಲ ನೋಡು."

ನಾವಿಬ್ಬರೂ ನಕ್ಕೆವು. ನಗುತ್ತ ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು.

"ಅವನು ಇನ್ನು ಬಡಿಯೋದಿಲ್ಲ ಮಗು," ಎಂದರು. "ಅದಕ್ಕೆ ನೀನು ಯಾರಿಗೂ ಬಾಗಿಲು ತೆಗೀಬೇಡ ಅಂತ ನಾನು ಯಾವತ್ತಾದ್ರೂ ಹೇಳಿದೀನಾ?"

ನಾನು ಅವರ ಹೆಗಲ ಮೇಲೆ ತಲೆಯಿಟ್ಟೆ. ಈರುಳ್ಳಿಯ ವಾಸನೆ ಬಂತು.

"ಒಂದು ದಿನ ಊಟಕ್ಕೆ ಕರಿ ಆ ಹುಳುನ," ಎಂದರು. "ಈ ಮನೇಲಿ ಮೈಕ್ರೋವೇವ್ ಇಲ್ಲ, ತಡವಾಗಿ ಬಂದ್ರೆ ತಣ್ಣಗಿರೋದೇ ಗತಿ ಅಂತ ಮೊದಲೇ ಹೇಳು."

*

ಕೆಲವು ವಾರ ಕಳೆದು ಒಂದು ಬೆಳಿಗ್ಗೆ. ಹುಲ್ಲಿನ ಮೇಲೆ ಇನ್ನೂ ಇಬ್ಬನಿ ಇತ್ತು. ಕಿಟಕಿಯ ತಾಮ್ರದ ಜಾಲರಿಯ ಆಚೆ, ಹಳಿಯ ಮೇಲೆ, ಕೈ ಹಿಂದೆ ಕಟ್ಟಿಕೊಂಡು ಒಬ್ಬರು ನಿಧಾನವಾಗಿ ಬರುತ್ತಿದ್ದರು.

ಮೌನಿ ಸರ್ ನನಗೆ ಮುಂಚೆ ಹೇಳಿರಲಿಲ್ಲ. ಅವರು ಹೇಳದೆ ಉಳಿಸಿಕೊಂಡದ್ದು ಪ್ರಾಯಶಃ ಅದೊಂದೇ.

ಮೈಕಿನ ಗುಂಡಿ ಒತ್ತಿದೆ.

"ಹಳಿ ಖಾಲಿಯೇ?"

ಬಸವನಹುಳು ನಿಂತ. ಕಿಟಕಿಯ ಕಡೆ ತಿರುಗಿದ. ಎರಡು ಬಾವುಟಗಳನ್ನೂ ನೋಡಿಕೊಂಡು, ಕೆಂಪನ್ನು ಎತ್ತಿದ.

ಹಳಿಯ ಮೇಲೆ ಕಲ್ಲಿರಲಿಲ್ಲ, ಕಡ್ಡಿಯಿರಲಿಲ್ಲ, ಹುಳುವೂ ಇರಲಿಲ್ಲ. ನನಗೆ ಇಲ್ಲಿಂದಲೇ ಕಾಣುತ್ತಿತ್ತು. ಅವನು ಬಾವುಟವನ್ನು ಹಳಿಯ ಪಕ್ಕ ನೆಟ್ಟು, ನನ್ನ ಕಡೆ ಅಂಗೈ ತೋರಿಸಿ, ಒಂದೇ ನಿಮಿಷ ಎನ್ನುವ ಹಾಗೆ ತಲೆ ಬಾಗಿಸಿ, ಶೆಡ್ಡಿನೊಳಗೆ ಹೋದ.

ಒಳಗೆ ಬೆಂಕಿಕಡ್ಡಿ ಗೀರಿದ ಬೆಳಕು ಕಂಡಿತು. ಪರದೆ ನೋಡಿದೆ. ಒಂದು ಗೆರೆಯೂ ಬರಲಿಲ್ಲ.

ನನ್ನ ಆಕಾಶದ ಚೂರು ತಟ್ಟೆಯ ಮೇಲೆ ಬಂದಾಗಿತ್ತು. ಪಡಸಾಲೆಯಲ್ಲಿ ಬೇಗ ಓಡುವ ಗಡಿಯಾರ ಓಡುತ್ತಿತ್ತು. ಕ್ಯಾಂಟೀನಿನಿಂದ ಯಾರೋ ಫೋನ್ ಮಾಡಿ, "ಯಾಕೆ ಮೇಡಂ, ತಟ್ಟೆ ತಿರುಗಲಿಲ್ಲ? ಮತ್ತೆ ಬಸವನಹುಳುವಾ?" ಎಂದು ಕೇಳಿದರು.

ನಾನು ಮೈಕಿನ ಗುಂಡಿ ಒತ್ತಿ ಬಯಲಿಗೆಲ್ಲ ಕೇಳಿಸುವ ಹಾಗೆ ಹೇಳಿದೆ.

"ನಿಧಾನಕ್ಕೆ ಬನ್ನಿ. ಆಕಾಶ ಇವತ್ತು ಕಾಯುತ್ತೆ."

ದೊಡ್ಡ ತಟ್ಟೆ ನನ್ನ ಮಾತನ್ನು ಕೇಳಿಸಿಕೊಂಡು ನನಗೇ ವಾಪಸು ಕೊಟ್ಟಿತು. ನನ್ನ ದನಿ ಬಾವಿಯೊಳಗಿಂದ ಬಂದಂತಿರಲಿಲ್ಲ.

ತಲೆ ಬಾಚಿಕೊಳ್ಳಲಿಲ್ಲ. ಎದ್ದು ಹೋಗಿ ಉಕ್ಕಿನ ಬಾಗಿಲ ಈಚೆ ನಿಂತೆ. ಹೆಜ್ಜೆ ಸದ್ದು ಹತ್ತಿರ ಬಂತು, ನಿಂತಿತು. ಯಾಕೋ ಏನೋ, ನಾನು ಉಸಿರು ಹಿಡಿದು ಎಣಿಸಲು ಸಿದ್ಧಳಾದೆ.

ಒಂದೇ ಸಲ ಬಡಿದ ಸದ್ದು. ಅದೂ ಕೈಯಿಂದಲ್ಲ, ಮೊಣಕೈಯಿಂದ. ಎರಡೂ ಕೈಯಲ್ಲಿ ಲೋಟವಿದ್ದವರು ಬಡಿಯುವ ಹಾಗೆ.

ನಾನು ಬಾಗಿಲು ತೆಗೆದೆ.